ಹದಿನೇಳನೇ ನಂಬರಿನ ಚೀಟಿ

ನಮ್ಮ ದೊಡ್ಡಪ್ಪ ಹುಚ್ಚೀರಯ್ಯನವರು ಅರವತ್ತೊಂಬತ್ತು ವರ್ಷಗಳಲ್ಲಿ ಒಂದು ತೊಟ್ಟು ಹೆಂಡ ಬಾಯಿಗೆ ಬಿಟ್ಟುಕೊಂಡವರಲ್ಲ. ಅಂಥವರ ಹೆಸರಿನಲ್ಲಿ ಬಿಯರ್ ಸ್ಪರ್ಧೆಗೆ ಅನುಮತಿ ಕೋರಿ ಅರ್ಜಿ ಟೈಪ್ ಮಾಡಿದವಳು ನಾನು. ಅದು ಹೇಗಾಯಿತು ಎಂದು ನಮ್ಮ ನೆಂಟರಲ್ಲಿ ಕೇಳದವರಿಲ್ಲ. ಪ್ರತಿ ಸಲ ಹೇಳಲು ಶುರು ಮಾಡುತ್ತೇನೆ, ಅರ್ಧಕ್ಕೆ ಬರುವಷ್ಟರಲ್ಲಿ ನನಗೇ ಗೊಂದಲವಾಗಿ ನಿಲ್ಲಿಸುತ್ತೇನೆ. ಈ ಸಲ ಬರೆದೇ ನೋಡೋಣ ಎಂದು ಕೂತಿದ್ದೇನೆ.

ಮಂಡ್ಯದಲ್ಲಿ ಬೆಲ್ಲದ ಮಂಡಿಗಳಿರುವ ರಸ್ತೆಯ ತುದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಜನ ಅರ್ಜಿ ಬರೆಸಲು ಬರುತ್ತಾರೆ, ಅರ್ಜಿಯಲ್ಲಿ ಏನು ಇರಬೇಕೆಂದು ನನ್ನನ್ನೇ ಕೇಳುತ್ತಾರೆ, ಆಮೇಲೆ ತಪ್ಪಾದರೆ ನನ್ನನ್ನೇ ಬೈಯುತ್ತಾರೆ. ಹದಿನೈದು ವರ್ಷದಿಂದ ಇದೇ ಪಾಡು. ಹಾಗಾಗಿ ನನಗೆ ಸ್ವಲ್ಪ ಸಿಡುಕು ಜಾಸ್ತಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ದೊಡ್ಡಪ್ಪ ನನ್ನ ಅಂಗಡಿಯಿಂದ ನಾಲ್ಕು ಬಾಗಿಲು ಆಚೆಯ ಮಂಡಿಯಲ್ಲಿ ಬೆಲ್ಲ ನೋಡುವವರು. ಆಲೆಮನೆಗಳಲ್ಲಿ ಕಬ್ಬಿನ ಹಾಲು ಕಾಯಿಸಿ ಮಾಡಿದ ಅಚ್ಚುಬೆಲ್ಲವನ್ನು ರೈತರು ತಂದು ಮಂಡಿಯ ನೆಲದ ಮೇಲೆ ರಾಶಿ ಹಾಕುತ್ತಾರೆ. ಒಂದೊಂದು ರಾಶಿಗೂ ಒಂದು ನಂಬರಿನ ಚೀಟಿ. ದೊಡ್ಡಪ್ಪ ರಾಶಿಯಿಂದ ಒಂದು ಅಚ್ಚು ಎತ್ತಿ, ಮುರಿದು, ಚೂರನ್ನು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಮೊದಲನೇದು, ಎರಡನೇದು, ಮೂರನೇದು ಎಂದು ದರ್ಜೆ ಹೇಳುತ್ತಾರೆ. ಅವರು ಹೇಳಿದ ಮೇಲೆ ತಂದವನೂ ತಕರಾರು ಎತ್ತುವುದಿಲ್ಲ, ಕೊಳ್ಳುವವನೂ ಎತ್ತುವುದಿಲ್ಲ. ಯಾವ ಊರಿನ ಗದ್ದೆ ಚೌಳು ಹಿಡಿದು ಬೆಲ್ಲ ಉಪ್ಪಾಗಿದೆ, ಯಾವ ಆಲೆಮನೆಯವನು ಪಾಕ ಸೀಯಿಸಿದ್ದಾನೆ, ಎಲ್ಲ ಅವರ ನಾಲಿಗೆಗೆ ಗೊತ್ತಿತ್ತು. ಮೂವತ್ತೈದು ವರ್ಷ ಅವರು ಸಂಪಾದಿಸಿದ್ದು ಆ ಹೆಸರೊಂದನ್ನೇ.

ಮಂಡಿಯ ಎರಡು ಪದ್ಧತಿಗಳನ್ನು ಇಲ್ಲೇ ಹೇಳಿಬಿಡಬೇಕು. ರುಚಿ ನೋಡಲು ಮುರಿದ ಅಚ್ಚಿನ ಉಳಿದ ಚೂರುಗಳೆಲ್ಲ ಒಂದು ಪುಟ್ಟಿಗೆ ಬೀಳುತ್ತವೆ, ಆ ಪುಟ್ಟಿ ಸಂಜೆಗೆ ಹಮಾಲಿಯದು. ಅದು ಅವನ ಹಕ್ಕು, ಯಾರೂ ಕೇಳುವುದಿಲ್ಲ. ಇನ್ನೊಂದು, ಚೀಟಿಯಿಲ್ಲದ ಯಾವ ಮಾಲೂ ಮಂಡಿಯ ನೆಲದ ಮೇಲೆ ಕೂರುವ ಹಾಗಿಲ್ಲ. ಕೂತರೆ ಕದ್ದ ಮಾಲು ಎಂದೇ ಲೆಕ್ಕ. ಅದಕ್ಕೇ ನಮ್ಮ ಮಂಡಿಯ ಹಳೇ ಹಮಾಲಿ ಪುಟ್ಟರಾಜು ತನ್ನ ಚೂರಿನ ಪುಟ್ಟಿಗೂ ತಪ್ಪದೆ ಒಂದು ಚೀಟಿ ಅಂಟಿಸಿಕೊಳ್ಳುತ್ತಾನೆ.

ನನ್ನ ದೊಡ್ಡಮ್ಮ ಚಿಕ್ಕನಂಜಮ್ಮನ ಮಾತನ್ನೂ ಇಲ್ಲೇ ಹೇಳಬೇಕು. ಆ ನಾಲಿಗೆಯ ಜೊತೆ ಸಂಸಾರ ಮಾಡಿ ಆಕೆ ಬಹಳ ಪಾಡು ಪಟ್ಟಿದ್ದಾಳೆ. ಸಾರಿಗೆ ಹುಣಿಸೆ ಒಂದು ಎಳೆ ಹೆಚ್ಚಾದರೆ ದೊಡ್ಡಪ್ಪ ತಟ್ಟೆ ಸರಿಸಿ ಎದ್ದುಬಿಡುವರು. ಆದರೆ ಈಚಿನ ಮೂರು ವರ್ಷದಿಂದ ಏನು ಬಡಿಸಿದರೂ ತೆಪ್ಪಗೆ ಉಣ್ಣುತ್ತಿದ್ದರು.

"ಒಂದಿನ ಬಸ್ಸಾರ್ಗೆ ಉಪ್ಪೇ ಮರ್ತೋಗಿದ್ದೆ ಕಣೆ ಮಗಾ. ಆಗ್ಲೂವೆ ಚೆನ್ನಾಗದೆ ಅಂದ್ರು. ವಯಸ್ಸಾದ್ ಮೇಲೆ ಗಂಡಸ್ರು ಸಾಧು ಆಯ್ತಾರೆ. ನನ್ ಕೈಯೂ ಒಸಿ ಪಳಗದೆ ಅನ್ನು" ಎಂದು ದೊಡ್ಡಮ್ಮ ಹೆಮ್ಮೆಯಿಂದ ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೋದ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಮಂಡಿಯಲ್ಲಿ ಎರಡು ಸಂಗತಿ ನಡೆದವು. ಮಳವಳ್ಳಿ ಕಡೆಯ ಮಲ್ಲಿಗಮ್ಮ ತಂದ ಬೆಲ್ಲವನ್ನು ದೊಡ್ಡಪ್ಪ ಎರಡನೇದು ಎಂದರು. ಆಕೆ ತನ್ನ ಆಲೆಮನೆಯಲ್ಲಿ ತಾನೇ ಪಾಕ ನೋಡಿ ಇಳಿಸುವ ಗಟ್ಟಿ ಹೆಂಗಸು. ಬೆಲ್ಲ ಯಾವಾಗಲೂ ಸ್ವಲ್ಪ ಕಪ್ಪು, ಯಾವಾಗಲೂ ಮೊದಲನೇದು. ಆಕೆ ದೊಡ್ಡಪ್ಪನ ಮುಖವನ್ನೇ ಒಂದು ಗಳಿಗೆ ನೋಡಿ ಹೊರಟುಹೋದಳು. ಅದೇ ವಾರ ದೊಡ್ಡಪ್ಪ ಮೊದಲನೇದು ಎಂದ, ಹೊಂಬಣ್ಣದ ಇನ್ನೊಂದು ರಾಶಿ ಮಿಠಾಯಿ ಅಂಗಡಿಯಿಂದ ವಾಪಸು ಬಂತು, ಉಪ್ಪು ಎಂದು. ಎಲ್ಲರೂ ಮಿಠಾಯಿ ಮಾಡಿದವನನ್ನು ಬೈದರು. ದೊಡ್ಡಪ್ಪನ ನಾಲಿಗೆ ತಪ್ಪಿರಬಹುದೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಇದಾದ ಮೇಲೆ ಪ್ರೀತಂ ಬಂದ. ಮದ್ದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗ, ಬಿಲ್ ಪುಸ್ತಕ ಮಾಡಿಸಲು ನನ್ನಲ್ಲಿಗೆ ಬರುತ್ತಿದ್ದವನು.

"ಅಕ್ಕ, ಒಂದು ಅರ್ಜಿ ಬರ್ಕೊಡ್ಬೇಕು. ಬಿಯರ್ ಕಾಂಪಿಟೇಶನ್‌ಗೆ ಒಂದಿನದ ಪರ್ಮಿಶನ್ನು."

"ಕುಡಿಯೋದ್ರಲ್ಲೂ ಕಾಂಪಿಟೇಶನ್ನಾ? ಎದ್ದೋಗು ಮೊದ್ಲು" ಎಂದೆ.

"ಕುಡಿಯೋದಲ್ಲ ಅಕ್ಕ, ಮಾಡೋದು. ಮನೇಲಿ ಮಾಡಿದ್ದು. ಯಾರು ಚೆನ್ನಾಗಿ ಮಾಡವ್ರೆ ಅಂತ."

ಮನೆಯಲ್ಲಿ ಉಪ್ಪಿನಕಾಯಿ ಮಾಡುತ್ತಾರೆ, ಹಪ್ಪಳ ಮಾಡುತ್ತಾರೆ. ಬಿಯರ್ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೇರಿ ಹದಿನಾರು ಜನ ಇದ್ದಾರಂತೆ. ಒಬ್ಬ ಬ್ಯಾಂಕಿನವನು, ಒಬ್ಬ ದನದ ಡಾಕ್ಟರು, ಒಬ್ಬ ಮೇಷ್ಟರು, ಒಬ್ಬ ಎಲ್‌ಐಸಿ ಏಜೆಂಟು. ಮಾರುವುದಿಲ್ಲ, ಬರೀ ಹುಚ್ಚು. ಈ ಹದಿನಾರು ಜನರಿಗೂ ಸ್ಪರ್ಧೆ ಬೇಕು, ಅರ್ಜಿಯಲ್ಲಿ ಹೆಸರು ಮಾತ್ರ ಯಾರದೂ ಬೇಡ. ಬ್ಯಾಂಕಿನವನಿಗೆ ಮ್ಯಾನೇಜರ ಭಯ, ಮೇಷ್ಟರಿಗೆ ಊರಿನ ಭಯ, ಪ್ರೀತಂಗೆ ಮಾವನ ಭಯ. ಅರ್ಜಿದಾರರ ಹೆಸರು ಎಂಬ ಜಾಗ ಖಾಲಿ ಬಿಟ್ಟು ಅರ್ಜಿ ಬರೆದುಕೊಡು ಎಂದು ಅವನು ಗೋಗರೆದಾಗ ನನಗೆ ತಲೆ ಚಿಟ್ಟು ಹಿಡಿಯಿತು.

ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಬಂದು ಬೆಂಚಿನ ಮೇಲೆ ಕೂತಿದ್ದ ದೊಡ್ಡಪ್ಪ ಇದೆಲ್ಲವನ್ನೂ ಕೇಳುತ್ತಿದ್ದರು.

"ಅದ್ನ ಯಂಗ್ಲಾ ಮಾಡ್ತೀರಿ?" ಎಂದರು.

ಪ್ರೀತಂ ವಿವರಿಸಿದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸುವುದು, ಸಿಹಿಯಾದ ಆ ನೀರನ್ನು ಸೋಸಿ ಕುದಿಸುವುದು, ಕಹಿಗೆ ಹಾಪ್ಸ್ ಎಂಬ ಹೂವು ಹಾಕುವುದು, ಆರಿಸಿ ಈಸ್ಟ್ ಬೆರೆಸಿ ವಾರಗಟ್ಟಲೆ ಮುಚ್ಚಿಡುವುದು.

"ಪಾಕನೇ ಅನ್ನು. ಯಾರ್ ನೋಡಿ ಏಳ್ತಾರೆ?"

"ಜಡ್ಜಸ್ ಬತ್ತಾರೆ ಯಜಮಾನ್ರೇ, ಮೂರ್ ಜನ."

"ಚೀಟಿ ಯಾರ್ ಆಕ್ತಾರೆ?"

ಪ್ರೀತಂ ಕಣ್ಣು ಕಣ್ಣು ಬಿಟ್ಟ. ಬಾಟಲಿಗಳ ಮೇಲೆ ಮಾಡಿದವರ ಹೆಸರು ಬರೆಯುವುದೆಂದು ಅವರು ಯೋಚಿಸಿದ್ದರಂತೆ. ದೊಡ್ಡಪ್ಪನಿಗೆ ಸಿಟ್ಟು ಬಂತು.

"ಯಾರ್ ಮಾಲು ಅಂತ ಗೊತ್ತಾದ್ ಮೇಲೆ ನಾಲ್ಗೆ ನ್ಯಾಯ ಏಳ್ತದೇನ್ಲಾ? ಎಸ್ರು ಒಂದ್ ಕವರಲ್ಲಿ ಮುಚ್ಚಾಕಿ ಯಾರಾದ್ರೂ ಒಬ್ಬ ಇಟ್ಕೊಂಡಿರ್ಬೇಕು. ಬಾಟ್ಲಿ ಮ್ಯಾಲೆ ಬರೀ ನಂಬರ್ರು."

"ಅಂಥೋರು ಸಿಕ್ಕಿದ್ರೆ ಎಲ್ಲ ಬಗೆಹರೀತದೆ ಯಜಮಾನ್ರೇ. ನೀವೇ ಆಗ್ಬಾರ್ದಾ? ಕುಡಿಯದೋರ ಹೆಸರಿದ್ರೆ ಪರ್ಮಿಶನ್ನೂ ಸಲೀಸಾಯ್ತದೆ."

ದೊಡ್ಡಪ್ಪ ಬೇಡ ಎನ್ನುತ್ತಾರೆಂದು ನಾನು ಪ್ರಿಂಟರಿನ ಕಡೆ ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಅವರು ಪೆನ್ನು ಕೇಳುತ್ತಿದ್ದರು. ಯಾಕೆ ಒಪ್ಪಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬೆಲ್ಲದಿಂದ ಸ್ವಲ್ಪ ದಿನ ತಪ್ಪಿಸಿಕೊಳ್ಳಲು ಒಪ್ಪಿದರೋ, ನಂಬರಿನ ಆಸೆಗೆ ಒಪ್ಪಿದರೋ. ಕಾರಣ ಎಂಬ ಜಾಗದಲ್ಲಿ ಮದುವೆ, ಹುಟ್ಟುಹಬ್ಬ, ಇತರೆ ಎಂದಿತ್ತು. ಇತರೆ ಎಂಬಲ್ಲಿ ಏನು ಬರೆಯುವುದೆಂದು ಕೇಳಿದರೆ "ರುಚಿ ನೋಡೋದು ಅಂತ ಬರಿ ಮಗಾ" ಎಂದರು. ಬರೆದೆ. ಅನುಮತಿಯೂ ಸಿಕ್ಕಿತು.

ದೊಡ್ಡಮ್ಮನಿಗೆ ಇದು ತಿಳಿದಾಗ ಆಕೆ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, "ತೊಟ್ಟು ಬಾಯ್ಗೆ ಓಗ್ಬಾರ್ದು, ನೀನೇ ಕಾಯ್ಕೊ" ಎಂದು ನನ್ನನ್ನು ಕಾವಲಿಗೆ ಹಾಕಿದಳು.

ಸ್ಪರ್ಧೆಗೆ ಯಾವ ಛತ್ರದವರೂ ಜಾಗ ಕೊಡಲಿಲ್ಲ. ಕೊನೆಗೆ ಸೋಮನಹಳ್ಳಿಯ ಹತ್ತಿರ ಹೆದ್ದಾರಿಯಿಂದ ಒಳಗಿರುವ, ಸುಗ್ಗಿ ಮುಗಿದು ಖಾಲಿ ಬಿದ್ದಿದ್ದ ಒಂದು ಆಲೆಮನೆ ಸಿಕ್ಕಿತು. ಪಾಕ ಕಾಯಿಸುವ ದೊಡ್ಡ ಕೊಪ್ಪರಿಗೆಗೆ ಐಸ್ ತುಂಬಿ ಬಾಟಲಿಗಳನ್ನು ಹೂತರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹದಿನಾರು ಜನ ಬಂದರು, ಕೆಲವರು ಹೆಲ್ಮೆಟ್ ತೆಗೆಯದೆಯೇ ಒಳಗೆ ಬಂದರು.

ಅವರ ನಡುವೆ ಒಬ್ಬಳು ಹೆಂಗಸು, ಸೋಮನಹಳ್ಳಿಯ ಬೇಕರಿಯ ನಾಗರತ್ನ. ಬ್ರೆಡ್ಡಿಗೆ ಈಸ್ಟ್ ಹಾಕಿ ಹಾಕಿ ಪಳಗಿದ ಕೈ. ರಾಗಿ ಮೊಳಕೆ ಕಟ್ಟಿ ಬಿಯರ್ ಮಾಡಿದ್ದಳು. ಹೆಸರು ಬರೆಸುವಾಗ ಗಂಡನ ಹೆಸರು ಕೊಟ್ಟಳು. "ನಿನ್ನದೇ ಕೊಡಮ್ಮ" ಎಂದರೆ, "ಬ್ಯಾಡ ಕಣಕ್ಕ, ಗೆದ್ರೆ ಏಳಾನ" ಎಂದು ಗೋಡೆಗೆ ಹೋಗಿ ನಿಂತುಕೊಂಡಳು.

ನಂಬರಿನ ಚೀಟಿಗಳನ್ನು ನಾನೇ ಪ್ರಿಂಟ್ ಮಾಡಿಕೊಂಡು ಹೋಗಿದ್ದೆ. ಅಂಟಿಸುವ ಹಾಳೆಯಲ್ಲಿ ಇಪ್ಪತ್ತು ಚೌಕ ಇರುತ್ತವೆ, ಹಾಗಾಗಿ ಇಪ್ಪತ್ತರವರೆಗೂ ಮಾಡಿದ್ದೆ. ಅಲ್ಲಿಂದಲೇ ಎಡವಟ್ಟು ಶುರುವಾದದ್ದು. ಬೆಳಿಗ್ಗೆ ಒಬ್ಬ ಫೋನ್ ಮಾಡಿ ತಾನು ಬರುವುದಿಲ್ಲ ಎಂದ, ಇನ್ನೊಬ್ಬ ತಾನೂ ಸೇರುತ್ತೇನೆ ಎಂದ, ಮೊದಲನೆಯವನು ಮತ್ತೆ ಬಂದೇಬಿಟ್ಟ, ಎರಡನೆಯವನು ಬರಲಿಲ್ಲ. ಒಟ್ಟು ಎಷ್ಟು ಎಂದು ನನಗೆ ಎರಡು ಸಲ ಲೆಕ್ಕ ತಪ್ಪಿತು. ಹೆಸರಿನ ಪಟ್ಟಿಯನ್ನು ಕವರಿನಲ್ಲಿ ಅಂಟಿಸಿ ದೊಡ್ಡಪ್ಪ ಜೇಬಿಗಿಟ್ಟುಕೊಂಡರು. ಬಾಟಲಿ ತೆಗೆದು ಸುರಿಯಲು ಮಂಡಿಯಿಂದ ಪುಟ್ಟರಾಜುವನ್ನು ಕರೆತಂದಿದ್ದರು.

ತೀರ್ಪುಗಾರರು ಮೂವರು ಬರಬೇಕಿತ್ತು. ಮೈಸೂರಿನ ಹೋಟೆಲೊಂದರಲ್ಲಿ ಬಿಯರ್ ಮಾಡುವ ಕೆಲಸದ ಅಂಬರೀಶ್ ಬಂದ, ಆಹಾರ ವಿಜ್ಞಾನ ಪಾಠ ಮಾಡುವ ಗಗನ ಎಂಬ ಹುಡುಗಿ ಬಂದಳು, ಮೂರನೆಯವರು ಕೈಕೊಟ್ಟರು. ಪ್ರೀತಂ ದೊಡ್ಡಪ್ಪನ ಮುಂದೆ ಕೈಮುಗಿದು ನಿಂತ.

"ಕುಡೀಬೇಡಿ ಯಜಮಾನ್ರೇ. ಬಾಯ್ಗಾಕಿ ಉಗ್ದುಬುಡಿ. ನಿಮ್ಮಂಥ ನಾಲ್ಗೆ ಇಡೀ ಜಿಲ್ಲೇಲಿ ಇಲ್ಲ ಅಂತಾರೆ."

ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಹೆಂಡ ಎಂಬ ಅಂಜಿಕೆ ಇರಬೇಕು ಎಂದುಕೊಂಡು ನಾನೇ, "ಔಷಧಿ ಅಂದ್ಕೊ ದೊಡ್ಡಪ್ಪ. ನಾನು ದೊಡ್ಡಮ್ಮನಿಗೆ ಹೇಳ್ತೀನಿ" ಎಂದೆ. ಅವರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಪಾರು ಮಾಡು ಎಂದು ಕೇಳಿದ ಮಗುವನ್ನು ನಾನೇ ನೀರಿಗೆ ತಳ್ಳಿದ ಹಾಗೆ. ಹೋಗಿ ತೀರ್ಪುಗಾರರ ಜೊತೆ ಕೂತರು.

ಐವತ್ತಕ್ಕೆ ಅಂಕ. ಪುಟ್ಟರಾಜು ಒಂದೊಂದು ಬಾಟಲಿ ತೆಗೆದು ಮೂರು ಗಾಜಿನ ಲೋಟಕ್ಕೆ ಸುರಿಯುತ್ತಿದ್ದ. ದೊಡ್ಡಪ್ಪ ಮುಚ್ಚಳದ ಸದ್ದಿಗೆ ಕಿವಿಗೊಟ್ಟರು, ಲೋಟವನ್ನು ಬೆಳಕಿಗೆ ಹಿಡಿದರು, ನೊರೆ ಇಳಿಯುವುದನ್ನು ನೋಡಿದರು, ತುಟಿ ಒದ್ದೆ ಮಾಡಿಕೊಂಡು ಥೂ ಎಂದು ಉಗಿದು ಅಂಕ ಬರೆದರು. ಅಂಬರೀಶನೇ, "ಎಂಥಾ ಶಿಸ್ತು ಸಾರ್ ಇವ್ರದ್ದು" ಎಂದು ಬೆರಗಾದ. ನನಗೆ ಹೆಮ್ಮೆಯೋ ಹೆಮ್ಮೆ. ನಾಲ್ಕನೇ ನಂಬರು ಕಪ್ಪಗೆ, ಬಗ್ಗಡವಾಗಿತ್ತು, ನೊರೆಯೂ ಕಡಿಮೆ. ದೊಡ್ಡಪ್ಪ ಇಪ್ಪತ್ತು ಕೊಟ್ಟರು. ಹಾಪ್ಸ್ ಸಿಗದೆ ಯಾರೋ ಬೇವಿನ ಹೂವು ಹಾಕಿದ್ದ ಒಂಬತ್ತನೆಯದನ್ನು ಕುಡಿದು ಅಂಬರೀಶ, ಗಗನ ಇಬ್ಬರೂ ಮುಖ ಕಿವುಚಿಕೊಂಡು ನೀರಿಗೆ ಓಡಿದರು. ನೋಡಲು ಅದು ತಿಳಿಯಾಗಿತ್ತು. ದೊಡ್ಡಪ್ಪ ತುಟಿಗೆ ತಾಗಿಸಿದ ಹಾಗೆ ಮಾಡಿ, ಉಗಿದು, ಮೂವತ್ತೆಂಟು ಬರೆದರು. ಹನ್ನೊಂದನೆಯದು ಹೊಂಬಣ್ಣ, ಬೆರಳುದ್ದ ನೊರೆ. ಅದಕ್ಕೆ ನಲವತ್ತು.

ಕೊನೆಗೆ ಹದಿನೇಳನೇ ನಂಬರು ಬಂತು. ಬಾಡಿಗೆಗೆ ತಂದ ಗಾಜಿನ ಲೋಟಗಳು ಮುಗಿದುಹೋಗಿದ್ದವು. ಪುಟ್ಟರಾಜು ಅದನ್ನು ನಾನು ಮನೆಯಿಂದ ನೀರು ಕುಡಿಯಲು ಒಯ್ದಿದ್ದ ಸ್ಟೀಲ್ ಲೋಟಗಳಲ್ಲಿ ತಂದಿಟ್ಟ.

ದೊಡ್ಡಪ್ಪ ಲೋಟವನ್ನು ಬೆಳಕಿಗೆ ಎತ್ತಿದರು, ಸ್ಟೀಲಿನಾಚೆಗೆ ಏನು ಕಂಡೀತು? ಒಳಗೆ ಬಗ್ಗಿ ನೋಡಿದರು, ಆಲೆಮನೆಯ ಮಬ್ಬಿನಲ್ಲಿ ಬಣ್ಣ ತಿಳಿಯಲಿಲ್ಲ. ಮುಚ್ಚಳದ ಸದ್ದೂ ಆಗಿರಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದುಕೊಂಡು ಕೂತರು. ಆಮೇಲೆ ಕಣ್ಣು ಮುಚ್ಚಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಹಿಡಿದು, ಉಗಿಯಲಿಲ್ಲ. ನುಂಗಿದರು. ಇನ್ನೊಂದು ಗುಟುಕು ಕುಡಿದರು. ನಾನು ಕಾವಲಿಗೆ ಹೋದವಳು ಬಾಯಿ ಬಿಟ್ಟುಕೊಂಡು ನೋಡುತ್ತಲೇ ಇದ್ದೆ. ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹಾಳೆಯ ಮೇಲೆ ಐವತ್ತು ಎಂದು ಬರೆದರು.

ಕೂಡಿ ನೋಡಿದರೆ ಹದಿನೇಳನೆಯದೇ ಮೊದಲು. ಉಳಿದಿಬ್ಬರೂ ಅದಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. "ಒಂದ್ ಗುಟುಕಲ್ಲಿ ಹತ್ತು ರುಚಿ ಬರುತ್ತೆ, ಹೇಗೆ ಮಾಡಿದ್ರೋ" ಎಂದು ಅಂಬರೀಶ ತಲೆ ಕೆರೆದುಕೊಂಡ. ದೊಡ್ಡಪ್ಪನ ಕವರು ಒಡೆದರೆ ಹೆಸರು ಹದಿನಾರೇ ಇವೆ.

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳಲು ನನ್ನಿಂದ ಆಗದು. ಬೇವಿನ ಹೂವಿನವನು ಲೋಟದಲ್ಲಿ ಉಳಿದದ್ದನ್ನು ಕುಡಿದು ಇದು ನನ್ನದೇ, ಬೇವು ಗೊತ್ತಾಗುತ್ತಿದೆ ಎಂದ. ದನದ ಡಾಕ್ಟರು ಕುಡಿದು ಇದರಲ್ಲಿ ನನ್ನ ಕೊತ್ತಂಬರಿ ಬೀಜ ಇದೆ ಎಂದರು. ಎಲ್‌ಐಸಿಯವನು ಆ ಬೆಲ್ಲದ ವಾಸನೆ ತನ್ನದು ಎಂದು ಆಣೆ ಇಟ್ಟ. ಮೂವರೂ ಸುಳ್ಳು ಹೇಳುವವರ ಹಾಗೆ ಕಾಣಲಿಲ್ಲ. ಚೀಟಿ ಹೆಚ್ಚು ಪ್ರಿಂಟ್ ಮಾಡಿದ್ದು ಯಾರು ಎಂದು ಎಲ್ಲರೂ ನನ್ನ ಕಡೆ ತಿರುಗಿದರು, ನಾನು ಪ್ರೀತಂ ಮೇಲೆ ಎಗರಿದೆ, ಅವನು ಐಸ್ ತಂದವನ ಮೇಲೆ ಎಗರಿದ.

ಆಗ ಪುಟ್ಟರಾಜು ಕೊಪ್ಪರಿಗೆಯ ಹಿಂದಿನಿಂದ ಒಂದು ಬಿಂದಿಗೆ ಎತ್ತಿಕೊಂಡು ಬಂದ. ಅದರ ಹೊಟ್ಟೆಗೆ ಹದಿನೇಳು ಎಂಬ ಚೀಟಿ ಅಂಟಿಸಿತ್ತು.

"ಇದು ನಂದು ಕಣ್ರಪ್ಪ. ಸುರ್ದು ಉಳ್ದಿದ್ದು. ಚೂರು."

ಪ್ರತಿ ಬಾಟಲಿಯ ತಳದಲ್ಲಿ ಉಳಿದದ್ದನ್ನು ಅವನು ಮಂಡಿಯ ಪದ್ಧತಿಯಂತೆ ಬಿಂದಿಗೆಗೆ ಹಾಕಿಕೊಂಡಿದ್ದ. ಚೀಟಿಯಿಲ್ಲದೆ ನೆಲದ ಮೇಲಿಟ್ಟರೆ ಕದ್ದದ್ದು ಎಂದುಕೊಂಡಾರು ಎಂದು ಹಾಳೆಯಲ್ಲಿ ಮುಂದಿನ ಚೀಟಿ ಕಿತ್ತು ಅಂಟಿಸಿದ್ದ.

"ಅದನ್ಯಾಕ್ಲಾ ಟೇಬಲ್ಲಿಗೆ ತಂದಿಟ್ಟೆ?" ಎಂದು ನಾನು ಕಿರುಚಿದೆ.

"ನಂಬರ್ ಇತ್ತಲ್ಲವ್ವ. ನಂಬರ್ ಇದ್ಮೇಲೆ ನೋಡ್ದೆ ಬುಡ್ತಾರಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರೀತಂ ಹಾಳೆಯಲ್ಲಿ ಹದಿನೇಳಕ್ಕೆ ಗೀಟು ಹೊಡೆದು, "ಸರಿ ಬುಡಿ, ಎರಡ್ನೇದೇ ಮೊದಲ್ನೇದು. ಹನ್ನೊಂದ್ನೇ ನಂಬರ್ರು, ನಮ್ ಎಲ್‌ಐಸಿಯವ್ರು" ಎಂದು ಕಪ್ ಎತ್ತಿಕೊಂಡ. ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು.

ದೊಡ್ಡಪ್ಪ ಮಾತ್ರ ನನ್ನ ಕೈಯಿಂದ ಅಂಕದ ಹಾಳೆ ತೆಗೆದುಕೊಂಡು ನಾಲ್ಕನೇ ನಂಬರಿನ ಸಾಲಿನ ಮೇಲೆ ಬೆರಳಿಟ್ಟಿದ್ದರು. ಅಂಬರೀಶ ನಲವತ್ತನಾಲ್ಕು, ಗಗನ ನಲವತ್ತೈದು. ಅವರಿಬ್ಬರೂ ಬೇರೆ ಯಾವುದಕ್ಕೂ ಅಷ್ಟು ಕೊಟ್ಟಿರಲಿಲ್ಲ. ಪಕ್ಕದಲ್ಲಿ ದೊಡ್ಡಪ್ಪನ ಇಪ್ಪತ್ತು.

"ನಾಕ್ನೇದು ಯಾರ್ದು ಮಗಾ?"

ಪಟ್ಟಿ ನೋಡಿದೆ. ನಾಗರತ್ನನ ಗಂಡನ ಹೆಸರಿತ್ತು. ಆಕೆ ಗೋಡೆಗೆ ಒರಗಿ, ಬಂದದ್ದು ತಪ್ಪಾಯಿತು ಎನ್ನುವ ಹಾಗೆ ಚೀಲ ಕಟ್ಟಿಕೊಳ್ಳುತ್ತಿದ್ದಳು. ಕೈತೋರಿಸಿದೆ. ದೊಡ್ಡಪ್ಪ ಎದ್ದು ನಿಂತರು.

"ನನ್ ಮಾರ್ಕು ಎಲ್ಲಾನೂ ತಗ್ದಾಕ್ಬುಡಿ."

"ಯಾಕ್ ಯಜಮಾನ್ರೇ? ಹದಿನೇಳು ಒಂದೇ ತಾನೇ ತಪ್ಪಾಗಿದ್ದು?" ಎಂದ ಪ್ರೀತಂ.

"ಅದೊಂದೇ ಸರಿಯಾಗಿದ್ದು ಕಣಪ್ಪ. ಮಿಕ್ಕಿದ್ದು ಯಾವ್ದೂ ನಾನ್ ರುಚಿ ನೋಡ್ನಿಲ್ಲ. ಬಣ್ಣ ನೋಡಿ ಆಕ್ದೆ. ನಂಗೆ ರುಚಿ ಗೊತ್ತಾಗಾಕಿಲ್ಲ. ಕೊರೊನಾ ಬಂದೋದಾಗ್ಲಿಂದ ನಾಲ್ಗೆ ಸತ್ತೋಗದೆ. ಮೂರ್ ವರ್ಸಾಯ್ತು. ಮಂಡೀಲೂ ಅಂಗೇಯ, ಬಣ್ಣ ನೋಡ್ತೀನಿ, ಮುರ್ದಾಗ ಸದ್ದು ಕೇಳ್ತೀನಿ, ಬಾಯಿಗ್ ಬಂದಿದ್ದು ಏಳ್ತೀನಿ. ಈ ಲೋಟ್ದಲ್ಲಿ ಏನೂ ಕಾಣ್ನಿಲ್ಲ. ಅದ್ಕೇ ಬಾಯ್ಗಾಕ್ದೆ. ಕಹಿ ಗೊತ್ತಾಯ್ತು. ಮೂರ್ ವರ್ಸದ ಮೇಲೆ ಒಂದ್ ರುಚಿ ಗೊತ್ತಾಯ್ತು ನಂಗೆ."

ಯಾರೂ ನಗಲಿಲ್ಲ. ಉಪ್ಪಿಲ್ಲದ ಬಸ್ಸಾರು, ವಾಪಸು ಬಂದ ಬೆಲ್ಲ, ಮುಖ ನೋಡಿ ಹೊರಟುಹೋದ ಮಲ್ಲಿಗಮ್ಮ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ದಿನಾ ನಾಲ್ಕು ಬಾಗಿಲು ಆಚೆ ಕೂತಿದ್ದವಳು ನಾನು. ಎಂಥ ಕುರುಡಿ ಎಂದು ನನ್ನ ಮೇಲೇ ಸಿಟ್ಟು ಬಂತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವಲ್ಲ ಎಂದು ಅವರ ಮೇಲೂ ಬಂತು.

ಕಪ್ ನಾಗರತ್ನನಿಗೆ ಹೋಯಿತು. ಪ್ರಮಾಣಪತ್ರದಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದೆ. ಆಕೆ ಕಟ್ಟಿದ ಚೀಲ ಕೆಳಗಿಟ್ಟು, "ನಂದೇ ಬರಿಯಕ್ಕ" ಎಂದಳು. ಬಿಂದಿಗೆಯನ್ನು ಪುಟ್ಟರಾಜು ಹೊತ್ತುಕೊಂಡು ಹೋದ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಮನೆಯಲ್ಲಿ ದೊಡ್ಡಮ್ಮ ಮೊದಲು ಕೇಳಿದ್ದು ಹೆಂಡದ ಸುದ್ದಿಯನ್ನಲ್ಲ. ಎಲ್ಲವನ್ನೂ ಕೇಳಿ ಮುಗಿಸಿ, "ಅಂಗಾರ್ ನನ್ ಅಡ್ಗೆ?" ಎಂದಳು. ದೊಡ್ಡಪ್ಪ ತಲೆ ತಗ್ಗಿಸಿದರು. ಆಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅತ್ತಳೋ ಬೈದಳೋ ಗೊತ್ತಾಗಲಿಲ್ಲ. ಸಂಜೆ ಹಾಗಲಕಾಯಿ ತರಿಸಿ ಗೊಜ್ಜು ಮಾಡಿ ಬಡಿಸಿ ಎದುರಿಗೆ ಕೂತು, "ಏನಾರಾ ಗೊತ್ತಾಯ್ತದಾ?" ಎಂದು ಕೇಳಿದಳು. "ಒಸಿ" ಎಂದರು ದೊಡ್ಡಪ್ಪ. ಆ ವಾರವೆಲ್ಲ ಆ ಮನೆಯಲ್ಲಿ ಹಾಗಲಕಾಯಿಯೇ. ಸಿಹಿ, ಉಪ್ಪು, ಹುಳಿ ಯಾವುದೂ ಬರಲಿಲ್ಲ. ಕಹಿಯೊಂದು ಯಾಕೆ ಬಂತು ಎಂದು ಡಾಕ್ಟರನ್ನು ಕೇಳಿದರೆ ಹಾಗೂ ಆಗುತ್ತದೆ, ಹೀಗೂ ಆಗುತ್ತದೆ ಎಂದರು.

ಸ್ಪರ್ಧೆಯ ಮಾರನೇ ದಿನ, ಸೋಮವಾರ ಬೆಳಿಗ್ಗೆ ದೊಡ್ಡಪ್ಪ ನನ್ನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಹೇಳಿದ್ದನ್ನು ಟೈಪ್ ಮಾಡಿದೆ. ಮಲ್ಲಿಗಮ್ಮನವರು ತಂದ ಬೆಲ್ಲವನ್ನು ರುಚಿ ನೋಡದೆ ಎರಡನೇದು ಎಂದದ್ದು ನನ್ನ ತಪ್ಪು, ಉಪ್ಪು ಬೆಲ್ಲವನ್ನು ಮೊದಲನೇದು ಎಂದದ್ದೂ ನನ್ನ ತಪ್ಪು, ನನ್ನ ನಾಲಿಗೆಗೆ ರುಚಿ ಇಲ್ಲ, ಇನ್ನು ಮೇಲೆ ನಾನು ಬೆಲ್ಲ ನೋಡುವುದಿಲ್ಲ, ಇಂತಿ ಹುಚ್ಚೀರಯ್ಯ. ಲ್ಯಾಮಿನೇಶನ್ ಮಾಡಿಕೊಡು ಎಂದರು. ಮಾಡಿಕೊಟ್ಟೆ. ಮಂಡಿಯ ಕಂಬಕ್ಕೆ ತಾವೇ ಅಂಟಿಸಿದರು. ಮಂಡಿಯ ಸಾಹುಕಾರರು ಬೇಡ ಬೇಡ ಎಂದು ಹಿಂದೆಯೇ ಓಡಾಡುತ್ತಿದ್ದರು.

ಮಲ್ಲಿಗಮ್ಮ ಅವತ್ತು ಆ ಸುಗ್ಗಿಯ ಕೊನೆಯ ಬೆಲ್ಲ ತಂದಿದ್ದಳು. ಆಕೆಗೆ ಓದು ಬಾರದು. ಕಂಬದ ಮೇಲಿನದನ್ನು ನಾನೇ ಓದಿ ಹೇಳಿದೆ. ಕೇಳಿಸಿಕೊಂಡು ತನ್ನ ರಾಶಿಯ ಹತ್ತಿರ ಹೋಗಿ, ಒಂದು ಅಚ್ಚು ಮುರಿದು, ಚೂರನ್ನು ತಂದು ದೊಡ್ಡಪ್ಪನ ಕೈಗೆ ಕೊಟ್ಟಳು.

"ನೋಡಣ್ಣ."

"ಓದಿದ್ದು ಕೇಳ್ನಿಲ್ವೇನವ್ವ? ನಂಗೆ ಗೊತ್ತಾಗಾಕಿಲ್ಲ."

"ಬಾಯ್ಗಾರಾ ಆಕೊ."

ದೊಡ್ಡಪ್ಪ ಕಣ್ಣು ಮುಚ್ಚಿ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡರು. ಮಂಡಿಯಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಬೆಲ್ಲ ಪೂರ್ತಿ ಕರಗುವವರೆಗೂ ಕಾದು, ಅವರು ತಲೆ ಅಲ್ಲಾಡಿಸಿದರು.

"ಏನೂ ಇಲ್ಲ ಕಣವ್ವ. ನೀನೇ ಏಳು. ಯಾವ್ದು?"

ಮೊದಲನೇದು ಎಂದಿದ್ದರೆ ಅವತ್ತು ಆಕೆಯನ್ನು ಕೇಳುವವರು ಯಾರೂ ಇರಲಿಲ್ಲ. ಮಲ್ಲಿಗಮ್ಮ ಉಳಿದ ಚೂರನ್ನು ತನ್ನ ಬಾಯಿಗೆ ಹಾಕಿಕೊಂಡು, ಅವರ ಹಾಗೆಯೇ ಕಣ್ಣು ಮುಚ್ಚಿದಳು.

"ಓದ್ ತಿಂಗ್ಳು ತಂದಿದ್ದು ಮೊದಲ್ನೇದು. ಇದು ಎರಡ್ನೇದು ಕಣಣ್ಣ. ಈ ಸಲ ಪಾಕ ಒಸಿ ಮುಂದಕ್ಕೋಯ್ತು."

ದೊಡ್ಡಪ್ಪ ಜೇಬಿನಿಂದ ಪೆನ್ನು ತೆಗೆದರು. ಕಂಬದ ಮೇಲೆ ತಾವೇ ಅಂಟಿಸಿದ್ದನ್ನು ಒಮ್ಮೆ ನೋಡಿದರು. ಪೆನ್ನನ್ನು ನನ್ನ ಕೈಗೆ ಕೊಟ್ಟರು. ಮಲ್ಲಿಗಮ್ಮನ ಬೆಲ್ಲ, ಎರಡನೇದು ಎಂದು ಚೀಟಿಯ ಮೇಲೆ ನಾನು ಬರೆದೆ.